ಏಳನೇ ಸಾಲಿನ ಕಲ್ಲು

1996, ನವೆಂಬರ್ 24, ಭಾನುವಾರ. ಬೆಳಗ್ಗೆ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ಇದನ್ನು ಬರೆಯಲು ಕೂತೆ. ಅದಕ್ಕೆ ಐದು ನಿಮಿಷ ಮೊದಲು ಸಿಂಧನೂರಿನ ನಮ್ಮ ಓಣಿಯ ತಿರುವಿನಲ್ಲಿ ಲಾರಿಯೊಂದು ಗಕ್ಕನೆ ನಿಂತಿತ್ತು. ಎಮ್ಮೆ ಅಡ್ಡ ಬಂದಿತ್ತು. ಎಮ್ಮೆ ತನ್ನ ಪಾಡಿಗೆ ಹೋಯಿತು, ಲಾರಿಯೂ ಹೋಯಿತು, ಬಿಸಿಯೇರಿದ ಬ್ರೇಕಿನ ಸುಟ್ಟ ವಾಸನೆ ಮಾತ್ರ ಕಿಟಕಿಯಿಂದ ಒಳಗೆ ಬಂದು ಕೂತಿತು. ಬೇರೆಯವರು ಮೂಗು ಮುಚ್ಚಿಕೊಳ್ಳುವ ವಾಸನೆ ಅದು. ನನಗೆ ಅದು ಬಂದಾಗಲೆಲ್ಲ ನಗು ಬರುತ್ತದೆ, ಹಿಂದೆಯೇ ಖಾಜಾ ಮಾಮ ನೆನಪಾಗುತ್ತಾನೆ.

ನನ್ನದೊಂದು ಚಾಳಿಯನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಿಮಗೆ ಬೇಸರವಾಗಬಾರದು. ನಾನು ಎಣಿಸುವವನು. ಎಂಟನೇ ಇಯತ್ತೆಯಿಂದ ಡೈರಿ ಬರೆಯುತ್ತೇನೆ. ಅದರಲ್ಲಿ ಮನಸ್ಸಿನ ದುಃಖ ದುಮ್ಮಾನ ಏನೂ ಇರುವುದಿಲ್ಲ. ಎಷ್ಟು ಗಂಟೆಗೆ ಎದ್ದೆ, ಎಷ್ಟು ರೊಟ್ಟಿ ತಿಂದೆ, ನಮ್ಮ ಬೇವಿನ ಗಿಡದಲ್ಲಿ ಎಷ್ಟು ಗಿಳಿ ಕೂತಿದ್ದವು, ಇಷ್ಟೇ. ನಮ್ಮವ್ವ ನೆಂಟರ ಮುಂದೆ, "ಇವನ ಲಗ್ನದಾಗ ಅಕ್ಕಿಕಾಳು ಎಷ್ಟು ಬಿದ್ದವು ಅಂತ ಎಣಿಸಿಕೋತ ತಾಳಿ ಕಟ್ಟೋದ ಮರೀತಾನ ನೋಡ್ರಿ" ಎನ್ನುತ್ತಿದ್ದಳು. ಮರೆಯಲಿಲ್ಲ. ಆದರೆ ಮಂಟಪದ ಬಲ್ಬುಗಳನ್ನು ಎಣಿಸಿದ್ದು ನಿಜ.

ಖಾಜಾ ಮಾಮ ನಮ್ಮ ಪಕ್ಕದ ಮನೆಯವನು. ಒಬ್ಬ ಸಾಹುಕಾರರ ಖಾಸಗಿ ಬಸ್ಸನ್ನು ಸಿಂಧನೂರಿನಿಂದ ಮಸ್ಕಿಯ ಮೇಲೆ ಲಿಂಗಸುಗೂರಿಗೆ ಓಡಿಸುತ್ತಿದ್ದ. ದಿನದ ಮೊದಲ ಬಸ್ಸು ಅವನದು. 1988ರ ಜನವರಿ 12, ಮಂಗಳವಾರ, ಬೆಳಗಿನ ಐದು ನಲವತ್ತರ ಸುಮಾರಿಗೆ ಬಸ್ಸು ಮಸ್ಕಿ ದಾಟಿತ್ತು. ಒಳಗಿದ್ದವರೆಲ್ಲ ಮುಸುಕು ಹಾಕಿಕೊಂಡು ಮಲಗಿದ್ದರು. ಆಗ ಎದುರಿನ ಆಕಾಶ ಹಾಡೇಹಗಲಿನಂತೆ ಬೆಳಗಿ, ಹಸಿರು ಬಾಲದ ಬೆಂಕಿಯುಂಡೆಯೊಂದು ಗುಡ್ಡಗಳ ಕಡೆಗೆ ಇಳಿಯಿತಂತೆ. ಮಾಮ ಎರಡೂ ಕಾಲಿನಿಂದ ಬ್ರೇಕು ತುಳಿದ. ಬದನೆಕಾಯಿ ಬುಟ್ಟಿ ಉರುಳಿತು, ಇಬ್ಬರ ಹಣೆ ಮುಂದಿನ ಸೀಟಿಗೆ ಬಡಿದು ಬುಗುಟೆ ಬಂತು. ಇದನ್ನೆಲ್ಲ ಮಂದಿ ಕ್ಷಮಿಸುತ್ತಿದ್ದರೇನೋ. ಆದರೆ ಮುಂದಿನ ಸೀಟಿನಲ್ಲಿ ಸಾಹುಕಾರರ ಭಾವ ಮೊಸರಿನ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬೀಗರ ಊರಿಗೆ ಹೊರಟಿದ್ದರು. ಮೊಸರು ಅವರ ಹೊಸ ಧೋತರದ ಮೇಲಾಯಿತು.

ಮಂದಿ ಕಣ್ಣು ಬಿಡುವಷ್ಟರಲ್ಲಿ ಬೆಳಕು ಆರಿಹೋಗಿತ್ತು. ಸ್ವಲ್ಪ ಹೊತ್ತಿಗೆ ಗುಡುಗುಡು ಸದ್ದು ಬಂದದ್ದನ್ನು ಎಲ್ಲರೂ ಕೇಳಿದರು, ಆದರೆ ಕ್ವಾರಿಯಲ್ಲಿ ಮದ್ದು ಹಾರಿಸಿದ್ದಾರೆ ಎಂದರು. ಸಾಹುಕಾರರು ಸಂಜೆ ಮಾಮನನ್ನು ಕರೆಸಿದರು. ನಾನೂ ಜೊತೆಗೆ ಹೋಗಿದ್ದೆ, ಆಗ ನನಗೆ ಹತ್ತೊಂಬತ್ತು.

"ಖಾಜಾ, ಖರೆ ಹೇಳು. ಕಣ್ಣು ಹತ್ತಿದ್ದವಿಲ್ಲೋ?"

"ಇಲ್ಲರೀ ಸಾವ್ಕಾರ್ರ, ಅಲ್ಲಾನ ಆಣಿ. ಕಣ್ಣು ಮುಚ್ಚಿದ್ರ ಬೆಳಕು ಹ್ಯಾಂಗ ಕಾಣ್ತಿತ್ತು?"

"ಕನಸಿನಾಗ ಎಲ್ಲಾ ಕಾಣ್ತದ. ನಮ್ಮ ಭಾವನ ಧೋತರ ನೋಡೀಯಿಲ್ಲೋ? ನಿದ್ದಿಗಣ್ಣಿನವನ ಕೈಯಾಗ ಐವತ್ತು ಜೀವ ಹ್ಯಾಂಗ ಕೊಡ್ಲಿ?"

ಅದು ತಪ್ಪು ಮಾತಲ್ಲ, ಮಾಮನಿಗೂ ಗೊತ್ತಿತ್ತು. ಕೊನೆಗೆ ಸಾಹುಕಾರರು ಮೇಜಿನ ಮೇಲೆ ಬೆರಳು ಕುಟ್ಟಿ ಹೇಳಿದರು: "ಬಿದ್ದದ್ದು ಖರೆ ಇದ್ರ ಎಲ್ಯಾರ ಬಿದ್ದಿರಬೇಕಲ್ಲ. ಯುಗಾದಿ ತನಕ ಟೈಮ್ ಕೊಟ್ಟೀನಿ. ಕಲ್ಲು ತಂದು ಇಲ್ಲಿ ಇಡು, ಸ್ಟೇರಿಂಗ್ ತಗೊ. ಇಲ್ಲಂದ್ರ ಬ್ಯಾರೆ ಡ್ರೈವರ್ ನೋಡ್ಕೋತೀನಿ."

ಅಲ್ಲಿಯವರೆಗೆ ಮಾಮ ಬಸ್ ನಿಲ್ದಾಣದಲ್ಲಿ ನಿಂತು "ಮಸ್ಕಿ, ಲಿಂಗಸುಗೂರ, ಯಾರ್ರೀ ಮಸ್ಕಿ" ಎಂದು ಮಂದಿಯನ್ನು ಕೂಗಿ ಹತ್ತಿಸಬೇಕಾಯಿತು. ಹದಿನಾಲ್ಕು ವರ್ಷ ಸ್ಟೇರಿಂಗ್ ಹಿಡಿದವನು. ಅವನ ಕೂಗು ಎಷ್ಟು ಮೆತ್ತಗಿರುತ್ತಿತ್ತೆಂದರೆ ಮಸ್ಕಿಗೆ ಹೋಗುವವರು ತಾವೇ ಬಂದು, "ಏನಂದಿ?" ಎಂದು ಕೇಳುತ್ತಿದ್ದರು. ಮನೆಯಲ್ಲಿ ಊಟಕ್ಕೆ ಕೂತರೆ ತಾಟನ್ನು ಎರಡೂ ಕೈಯಿಂದ ಹಿಡಿದು ಸಣ್ಣಗೆ ಎಡಕ್ಕೆ ಬಲಕ್ಕೆ ತಿರುಗಿಸುತ್ತಾನೆಂದು ಅವನ ಹೆಂಡತಿ ಬೀಬಿ ಅತ್ತೆ ನಮ್ಮವ್ವನ ಮುಂದೆ ಹೇಳಿ, ಮೊದಲು ನಕ್ಕು ಆಮೇಲೆ ಅತ್ತಳು.

ಹೀಗೆ ಶುರುವಾಯಿತು ನಮ್ಮ ಹುಡುಕಾಟ. ಮಾಮನಿಗೆ ಅದು ಅನ್ನದ ಪ್ರಶ್ನೆ. ನನಗೆ, ಈಗ ಒಪ್ಪಿಕೊಳ್ಳುತ್ತೇನೆ, ಎಣಿಸಲು ಒಂದು ಹೊಸ ವಸ್ತು ಸಿಕ್ಕ ಸಂಭ್ರಮ.

ಮೊದಲು ಸಾಕ್ಷಿಗಳು ಬೇಕಾಗಿದ್ದರು. ಆ ಚಳಿಯಲ್ಲಿ, ಆ ಹೊತ್ತಿನಲ್ಲಿ, ಬಯಲಿನಲ್ಲಿ ಆಕಾಶ ನೋಡುತ್ತ ಯಾರಿರುತ್ತಾರೆ? ಸ್ವಲ್ಪ ಯೋಚಿಸಿದರೆ ನಿಮಗೂ ಹೊಳೆಯುತ್ತದೆ: ಚೊಂಬು ಹಿಡಿದು ಹೋದವರು. ಸಾಲಗುಂದದಲ್ಲಿ ಹನ್ನೊಂದು ಮಂದಿ ಸಿಕ್ಕರು, ಅದರಲ್ಲಿ ಒಂಬತ್ತು ಮಂದಿ ಚೊಂಬಿನವರು. ಗೊರೇಬಾಳದಲ್ಲಿ ನಾಲ್ವರು, ಇಬ್ಬರು ಚೊಂಬು, ಇಬ್ಬರು ಗದ್ದೆಗೆ ಕಾಲುವೆಯ ನೀರು ಬಿಡುತ್ತಿದ್ದವರು. ಕೇಳಿದವರೆಲ್ಲ "ಇಲ್ಲೇ ನಮ್ಮ ಹೊಲದ ಆಚಿಗೆ ಬಿತ್ತು" ಎಂದೇ ಹೇಳಿದರು. ಹದಿನೈದು ಹೊಲದ ಆಚೆ ಒಂದೇ ಕಲ್ಲು ಬೀಳುವುದಿಲ್ಲ. ಅದಕ್ಕೆ ನಾನೊಂದು ಪದ್ಧತಿ ಮಾಡಿದೆ. ಅವರು ಅಂದು ಎಲ್ಲಿ ಕೂತಿದ್ದರೋ ಅಲ್ಲಿಗೇ ಕರೆದುಕೊಂಡು ಹೋಗಿ, ಹ್ಯಾಗೆ ಕೂತಿದ್ದರೋ ಹಾಗೇ ಕೂಡಿಸಿ, ಬೆಂಕಿ ಇಳಿದ ಕಡೆ ಕೈ ಮಾಡಿಸುವುದು. ಆ ಕೈಯ ನೇರಕ್ಕೆ ಯಾವ ಗಿಡ, ಯಾವ ಕರೆಂಟು ಕಂಬ ಬರುತ್ತದೆಂದು ಬರೆದುಕೊಂಡು ನಕಾಶೆಯಲ್ಲಿ ಗೆರೆ ಎಳೆಯುವುದು.

ಸಾಲಗುಂದದ ಒಬ್ಬ ಹಿರಿಯರು ಸಿಟ್ಟಿಗೆದ್ದರು. "ಎಪ್ಪತ್ತು ವರ್ಷದಾಗ ಹಿಂಗ ಕೂಡಂತ ಯಾರೂ ನನಗ ಹೇಳಿದ್ದಿಲ್ಲ. ಹಗಲಿನಾಗ, ಖಾಲಿ ಚೊಂಬು ಹಿಡದು, ಇಬ್ಬರ ಮುಂದ ಕೂಡಬೇಕೇನಲೇ?" ಎಂದರು. ಖಾಜಾ ಮಾಮ ಕೈ ಮುಗಿದು, "ಕಾಕಾ, ನನ್ನ ಹೊಟ್ಟಿ ಪ್ರಶ್ನೆ" ಎಂದ. ಹಿರಿಯರು ಒಂದು ಗಳಿಗೆ ಅವನ ಮುಖ ನೋಡಿ, ಧೋತರ ಎತ್ತಿಕಟ್ಟಿ ಕೂತೇ ಬಿಟ್ಟರು. ಕೂತವರು ತೋರಿಸಿದ ದಿಕ್ಕೇ ಎಲ್ಲರಿಗಿಂತ ಕರಾರುವಾಕ್ಕಾಗಿತ್ತು.

ಗೆರೆಗಳೆಲ್ಲ ಮಸ್ಕಿಯ ಪಶ್ಚಿಮಕ್ಕೆ ಹೋದವು. ಆದರೆ ಸಾಕ್ಷಿಗಳೆಲ್ಲ ಸಿಂಧನೂರಿನ ಕಡೆಯವರೇ ಆದದ್ದರಿಂದ ದಿಕ್ಕು ಸಿಕ್ಕಿತು, ದೂರ ಸಿಗಲಿಲ್ಲ. ದೂರಕ್ಕೆ ನಾನು ಮಾಮನ ಬೀಡಿಯನ್ನು ನೆಚ್ಚಿದೆ. ಬಸ್ಸು ನಿಲ್ಲಿಸಿದ ಕೂಡಲೇ ಬೀಡಿ ಹಚ್ಚಿದ್ದನಂತೆ, ಅರ್ಧ ಬೀಡಿ ಆದಾಗ ಸದ್ದು ಬಂತಂತೆ. ಗಡಿಯಾರ ಹಿಡಿದು ಮೂರು ಬಾರಿ ಅರ್ಧರ್ಧ ಬೀಡಿ ಸೇದಿಸಿದೆ. ಸರಾಸರಿ ಒಂದು ನಿಮಿಷ ನಲವತ್ತು ಸೆಕೆಂಡು. ಸದ್ದಿನ ವೇಗದಿಂದ ಗುಣಿಸಿದರೆ ಮೂವತ್ತಮೂರು ಕಿಲೋಮೀಟರು! ಆ ಲೆಕ್ಕ ಹಿಡಿದು ಜನವರಿ 17, 24, 31, ಮೂರು ಭಾನುವಾರ ಮುದಗಲ್ ಕಡೆಯ ಗುಡ್ಡಗಳನ್ನು ಹತ್ತಿಳಿದೆವು. ನಾಲ್ಕನೇ ವಾರ ಕಾಲೇಜಿನಲ್ಲಿ ನಮ್ಮ ಭೌತಶಾಸ್ತ್ರದ ಮೇಷ್ಟ್ರಿಗೆ ಹೆಮ್ಮೆಯಿಂದ ಲೆಕ್ಕ ತೋರಿಸಿದೆ. ಅವರು ಓದಿ, ಕನ್ನಡಕ ತೆಗೆದು, "ಬೆಂಕಿ ಹಾರಿದ್ದು ಆಕಾಶದಾಗ. ನೀ ಲೆಕ್ಕ ಹಾಕಿದ್ದು ಡಾಂಬರು ರಸ್ತಿ ಮ್ಯಾಲ" ಎಂದರು. ಎತ್ತರವನ್ನೇ ಮರೆತಿದ್ದೆ, ಆ ದೂರದ ಬಹುಪಾಲು ಮೇಲಿನಿಂದ ಕೆಳಗೆ. ಕಲ್ಲು ಬಿದ್ದಿದ್ದರೆ ಮಸ್ಕಿಗೆ ತೀರ ಹತ್ತಿರದಲ್ಲೇ ಬಿದ್ದಿರಬೇಕಿತ್ತು.

ಮಾಮನಿಗೆ ಇದನ್ನು ಹೇಳುವಾಗ ನಾನು ಡೈರಿಯ ಪುಟವನ್ನೇ ನೋಡುತ್ತಿದ್ದೆ. ಮೂರು ವಾರ ಹೋಗಿತ್ತಲ್ಲ. ಅವನು ಕೇಳಿ, "ಅಂದ್ರ ಬೀಡಿ ತಪ್ಪಿಲ್ಲ ಅನ್ನು. ಬೇಟಾ, ನಿನ್ನ ತಲಿ ತಪ್ಪು" ಎಂದು ನಕ್ಕುಬಿಟ್ಟ.

ಮಸ್ಕಿಯ ಕಡೆಯ ಗುಡ್ಡಗಳನ್ನು ನೋಡಿದವರಿಗೆ ಮುಂದಿನ ನಾಲ್ಕು ಭಾನುವಾರಗಳ ಕಥೆ ಬಿಡಿಸಿ ಹೇಳಬೇಕಾಗಿಲ್ಲ. ಆನೆಗಾತ್ರದ ಬಂಡೆಯ ಮೇಲೆ ಎತ್ತಿನಗಾತ್ರದ ಬಂಡೆ, ಅದರ ಸಂದಿಯಲ್ಲಿ ಕುರಿಗಾತ್ರದ್ದು, ಉಳಿದ ಜಾಗದಲ್ಲೆಲ್ಲ ಜಾಲಿ. ಸುಟ್ಟಂತೆ ಕಪ್ಪಗಿರುವ ಕಲ್ಲು ಹುಡುಕಿ ಎಂದರೆ ಅಲ್ಲಿ ಬಿಸಿಲಿಗೆ ಕಪ್ಪಾಗದ ಕಲ್ಲೇ ಇಲ್ಲ. ಕೆಟ್ಟ ಸ್ಪೀಕರಿನಿಂದ ಕಿತ್ತ ಅಯಸ್ಕಾಂತಕ್ಕೆ ದಾರ ಕಟ್ಟಿ ಪ್ರತಿ ಕಲ್ಲಿನ ಮುಂದೆ ಹಿಡಿಯುತ್ತಿದ್ದೆ. ಆಕಾಶದ ಕಲ್ಲಿನಲ್ಲಿ ಕಬ್ಬಿಣದ ಅಂಶ ಇರುತ್ತದೆಂದು ಮೇಷ್ಟ್ರು ಹೇಳಿದ್ದರು. ಡೈರಿಯ ಪ್ರಕಾರ ಏಳು ಭಾನುವಾರಗಳಲ್ಲಿ ಪರೀಕ್ಷಿಸಿದ ಕಲ್ಲು 436. ಅಯಸ್ಕಾಂತ ಹಿಡಿದದ್ದು 19. ಹತ್ತೊಂಬತ್ತೂ ಹಿಂದಿನ ಕಾಲದ ಕಮ್ಮಾರರು ಕುಲುಮೆಯಿಂದ ಚೆಲ್ಲಿದ ಕಬ್ಬಿಣದ ಕಿಟ್ಟ. ಕಾಲಿನಿಂದ ತೆಗೆದ ಮುಳ್ಳು: ನನ್ನವು 44, ಮಾಮನವು 27. ಜಾರಿ ಬಿದ್ದದ್ದು: ನಾನು ಆರು ಬಾರಿ, ಮಾಮ ಒಮ್ಮೆ. ಆ ಒಮ್ಮೆಯೂ ನನ್ನನ್ನು ಹಿಡಿಯಲು ಬಂದು.

ಇಷ್ಟಾದರೂ ಆ ಭಾನುವಾರಗಳಷ್ಟು ಖುಷಿಯ ದಿನಗಳು ನನ್ನ ಡೈರಿಯಲ್ಲಿ ಕಡಿಮೆ. ಬಂಡೆಯ ನೆರಳಿನಲ್ಲಿ ಕೂತು ಸಜ್ಜೆರೊಟ್ಟಿ, ಶೇಂಗಾ ಹಿಂಡಿ ತಿನ್ನುತ್ತ ಮಾಮ ಹದಿನಾಲ್ಕು ವರ್ಷಗಳ ರಸ್ತೆಯ ಕಥೆಗಳನ್ನು ಹೇಳುತ್ತಿದ್ದ. ದೂರದಲ್ಲಿ ಅವನ ಬಸ್ಸು ಹೋದರೆ ಮಾತು ನಿಲ್ಲಿಸಿ ಕಿವಿಗೊಡುತ್ತಿದ್ದ. "ಗೇರು ಲಗೂನ ಹಾಕಿದ, ಹರಾಮ್‍ಖೋರ" ಎಂದು ಹೊಸ ಡ್ರೈವರನನ್ನು ಬೈದು, ಮತ್ತೆ ರೊಟ್ಟಿ ಮುರಿಯುತ್ತಿದ್ದ.

ಏಳನೇ ಭಾನುವಾರ, ಫೆಬ್ರವರಿ 28, ಗುಡ್ಡದಿಂದ ಬರಿಗೈಯಲ್ಲಿ ಇಳಿಯುತ್ತಿದ್ದೆವು. ಬುಡದ ಕಪ್ಪುಮಣ್ಣಿನ ಎರೆಹೊಲದಲ್ಲಿ ಹೆಣ್ಣಾಳುಗಳು ಬಿಳಿಜೋಳ ಕೀಳುತ್ತಿದ್ದರು. ಆಳುಗಳ ಮುಂದಾಳು ಹುಲಿಗೆಮ್ಮ, ಐವತ್ತರ ಸುಮಾರಿನ ಗಟ್ಟಿ ಹೆಂಗಸು, ಸೊಂಟದ ಮೇಲೆ ಕೈಯಿಟ್ಟು ನಮ್ಮನ್ನೇ ನೋಡುತ್ತಿದ್ದಳು.

"ಯಪ್ಪಾ, ನಾಕು ವಾರದಿಂದ ನೋಡಾಕತ್ತೀನಿ. ಗುಡ್ಡದಾಗ ಏನು ಹುಡುಕಾಕತ್ತೀರಿ?"

"ಕಲ್ಲು" ಎಂದೆ.

ಹೊಲದ ತುಂಬ ನಗು ಎದ್ದಿತು. ಹುಲಿಗೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾಮ ಮೊದಲಿನಿಂದ ಎಲ್ಲವನ್ನೂ, ಮೊಸರು ಸಹಿತ, ಹೇಳಿದ. ಅವಳು ನಗು ನಿಲ್ಲಿಸಿ ಕೇಳಿದಳು.

"ಅಲ್ಲ ತಮ್ಮಾ, ಕಲ್ಲಿನ ರಾಶ್ಯಾಗ ಕಲ್ಲು ಹುಡುಕಿದ್ರ ಹ್ಯಾಂಗ ಸಿಗ್ತದ? ಇಲ್ಲದ ಕಡಿ ಹುಡುಕ್ರಿ. ಈ ಎರಿಹೊಲದಾಗ ಕಲ್ಲ ಕಡಿಮಿ. ಇರೋ ನಾಕನ್ನ ನಾ ಬಲ್ಲೆ. ಮುಂದಿನ ಐತವಾರ ಬರ್ರಿ, ಅಷ್ಟೊತ್ತಿಗೆ ಜೋಳ ಕಿತ್ತು ಹೊಲ ಬಯಲು ಮಾಡಿರ್ತೀವಿ."

ಇಷ್ಟು ಸರಳ ಮಾತು ಏಳು ವಾರ ನನಗೆ ಹೊಳೆದಿರಲಿಲ್ಲ. ಆ ವಾರವೆಲ್ಲ ಕೂತು ಹೊಲದ ನಕಾಶೆ ಬರೆದು, ಹತ್ತು ಹತ್ತು ಹೆಜ್ಜೆಗೆ ಚೌಕ ಹಾಕಿ, ಪ್ರತಿ ಚೌಕಕ್ಕೂ ನಂಬರು ಕೊಟ್ಟೆ. ಯಾವ ಕಲ್ಲು ಯಾವ ಚೌಕದಲ್ಲಿ, ನೆಲದಲ್ಲಿ ಎಷ್ಟು ಹೂತಿದೆ, ಎಲ್ಲ ಬರೆದುಕೊಳ್ಳಬೇಕು. ಕಲ್ಲು ಸಿಕ್ಕರಷ್ಟೇ ಸಾಲದು, ಬಿದ್ದ ಜಾಗದಲ್ಲೇ ಸಿಗಬೇಕು, ಆಗಲೇ ಸಾಹುಕಾರರ ಮುಂದೆ ಬಾಯಿ ಬರುತ್ತದೆ ಎಂಬುದು ನನ್ನ ವಾದ.

ಮಾರ್ಚ್ 6, ಎಂಟನೇ ಭಾನುವಾರ, ಬೆಳಗ್ಗೆ ಎಂಟೂ ಹತ್ತಕ್ಕೆ ಹೊಲ ಮುಟ್ಟಿದೆವು. ಹೊಲ ಕಸಬರಿಗೆ ಹಾಕಿದಂತಿತ್ತು. ಒಂದು ಹರಳೂ ಇಲ್ಲ. ಹುಲಿಗೆಮ್ಮ ಒಡ್ಡಿನ ಮೇಲೆ ನಿಂತು ನಗುನಗುತ್ತ ಕರೆದಳು. ಅವಳ ಕಾಲಬುಡದಲ್ಲಿ ಒಂದು ಕಲ್ಲಿನ ಗುಂಪೆ.

"ಬರ್ರಿ ಬರ್ರಿ! ನಿಮ್ಮ ಕಾಲು ಎಡವಬಾರದಂತ ನಿನ್ನೆನ ಎಲ್ಲಾ ಆರಿಸಿ ಹಾಕ್ಸೀನಿ."

ನಾನು ಖಾಲಿ ಹೊಲವನ್ನೂ ಗುಂಪೆಯನ್ನೂ ನೋಡಿದೆ. ಕೈಯಲ್ಲಿ ನೂರಾ ಇಪ್ಪತ್ತು ಚೌಕದ ನಕಾಶೆ. ಅವಳ ತಪ್ಪಲ್ಲ ಅದು. ನಮ್ಮ ಕಡೆ ಎರೆಹೊಲದಲ್ಲಿ ಕಲ್ಲು ಕಂಡರೆ ಕೈ ತಾನಾಗಿ ಬಗ್ಗುತ್ತದೆ. ಇಲ್ಲದಿದ್ದರೆ ಮುಂದಿನ ಬಿತ್ತಿಗೆಯಲ್ಲಿ ಕುಂಟೆಯ ಕಬ್ಬಿಣದ ಅಲಗು, ಅಂದರೆ ಕುಡ, ಮುರಿಯುತ್ತದೆ. ಮನೆಗೆ ಬರುವವರಿಗೆ ಅಂಗಳ ಗುಡಿಸಿಟ್ಟಂತೆ ಅವಳು ಹೊಲ ಗುಡಿಸಿಟ್ಟಿದ್ದಳು. ನಾನು ಮಾತ್ರ, "ಎಲ್ಲಾ ಹೋತಲ್ಲವ್ವ, ಯಾವ ಕಲ್ಲು ಎಲ್ಲಿತ್ತು ಅಂತ ಇನ್ನ ಯಾರು ಹೇಳಬೇಕು?" ಎಂದು ಅಳುದನಿಯಲ್ಲಿ ಹೇಳಿದೆ.

"ನಾ ಹೇಳ್ತೀನಿ" ಎಂದಳು ಹುಲಿಗೆಮ್ಮ, ನಾನು ರೊಟ್ಟಿಯ ಲೆಕ್ಕ ಕೇಳಿದೆನೋ ಎಂಬಂತೆ.

ಗುಂಪೆಯ ಮುಂದೆ ಕಾಲು ಮಡಚಿ ಕೂತು ಒಂದೊಂದೇ ಕಲ್ಲು ಎತ್ತಿಡತೊಡಗಿದಳು. "ಇದು ಬನ್ನಿಗಿಡದ ಬುಡದ್ದು. ಇದು ಹಳ್ಳದ ಕಡಿದು, ಮಳಿಗಾಲದಾಗ ಬರ್ತದ. ಈ ಚಪ್ಪಟಿದು ಆಚಿ ಹೊಲದ್ದು, ಅವರು ನಮ್ಮ ಕಡಿ ಒಗೀತಾರ, ನಾವು ಅವರ ಕಡಿ ಒಗೀತೀವಿ. ಈ ಸೂಳೆಮಗನ ಕಲ್ಲು ಹೋದ ವರ್ಷ ನನ್ನ ಉಗುರು ಕಿತ್ತದ್ದು." ಇಪ್ಪತ್ತು ವರ್ಷ ಅದೇ ಹೊಲದಲ್ಲಿ ಬಗ್ಗಿ ದುಡಿದವಳು. ಕಳೆ ಕೀಳುವಾಗ, ಕಡಲೆ ಕೀಳುವಾಗ, ಜೋಳ ಕೀಳುವಾಗ ಪ್ರತಿಯೊಂದನ್ನೂ ಅಂಗೈಯಲ್ಲಿ ಹಿಡಿದಿದ್ದಳು. ನಾನು ಎಣಿಸುತ್ತ ಹೋದೆ. ಒಟ್ಟು 38. ಮೂವತ್ತೊಂದನೆಯದನ್ನು ಎತ್ತಿದವಳು ಕೆಳಗಿಡಲಿಲ್ಲ. ತಿರುಗಿಸಿ ನೋಡಿದಳು, ಮೂಸಿದಳು.

"ಇವ ಯಾರು?" ಎಂದಳು.

ಬದನೆಕಾಯಿ ಗಾತ್ರದ ಕಲ್ಲು. ಮೈಮೇಲೆ ತೆಳ್ಳಗೆ ಕಪ್ಪು ಪದರು, ರೊಟ್ಟಿಯ ಹೊತ್ತಿದ ಸಿಪ್ಪೆಯಂತೆ. ಒಂದು ಮೂಲೆ ಚಕ್ಕೆ ಎದ್ದಿತ್ತು, ಒಳಗೆಲ್ಲ ತಿಳಿ ಬೂದು ಬಣ್ಣ. ದಾರದ ಅಯಸ್ಕಾಂತ ಹಿಡಿದೆ. ಅದು ಮೆಲ್ಲಗೆ ವಾಲಿ ಕಲ್ಲಿನ ಕೆನ್ನೆಗೆ ತಾಕಿ ನಿಂತಿತು.

"ಈತ ನಮ್ಮ ಹೊಲದಾವಲ್ಲ" ಎಂದು ಹುಲಿಗೆಮ್ಮ ತೀರ್ಪು ಕೊಟ್ಟಳು. "ಹೋದ ಸುಗ್ಗಿಗೆ ಇದ್ದಿಲ್ಲ, ಕಳೆ ತೆಗೆಯುವಾಗ ಇದ್ದಿಲ್ಲ. ಏ ಹುಡುಗೇರಾ, ಇದನ್ನ ಆರಿಸಿದಾಕಿ ಯಾರು?"

ಹಿಂದಿನಿಂದ ಒಬ್ಬ ಹೆಣ್ಣುಮಗಳು, "ನಾನ್ರೀ. ಏಳನೇ ಸಾಲು, ಕುಸುಬಿ ಪಕ್ಕದಾಗ. ನೆಲದಾಗ ನಾಕು ಬಟ್ಟು ಹೂತಿತ್ತು. ಸುತ್ತ ಎರಿ ಬಿರಿದಿತ್ತು" ಎಂದಳು. ಓಡಿ ಹೋಗಿ ನೋಡಿದರೆ ಕುಣಿ ಇನ್ನೂ ಹಾಗೇ ಇತ್ತು. ಕಲ್ಲನ್ನು ಇಟ್ಟು ನೋಡಿದೆ, ಮಗು ತೊಟ್ಟಿಲಿಗೆ ಕೂತಂತೆ ಕೂತಿತು. "ಸಾಲು 7, ಒಡ್ಡಿನಿಂದ 23 ಹೆಜ್ಜೆ, ಆಳ 4 ಬೆರಳು, ಸಮಯ 8.52" ಎಂದು ಬರೆದುಕೊಂಡೆ. ತಲೆಯೆತ್ತಿದರೆ ಖಾಜಾ ಮಾಮ ಜೋಳದ ಕೂಳೆಗಳ ನಡುವೆ ಎರಡೂ ಕೈ ಮೇಲೆತ್ತಿ ಕುಣಿಯುತ್ತಿದ್ದ, ಹದಿನಾಲ್ಕು ಹೆಣ್ಣಾಳುಗಳು ಚಪ್ಪಾಳೆ ತಟ್ಟುತ್ತಿದ್ದರು.

ಹುಲಿಗೆಮ್ಮ ಸಾಕ್ಷಿಗೆಂದು ತಾನೇ ಹೊರಟಳು. ಮೂವರೂ ಮಾಮನ ಆ ಬಸ್ಸನ್ನೇ ಹತ್ತಿದೆವು. ಮಾಮ ಪ್ರಯಾಣಿಕರ ಸೀಟಿನಲ್ಲಿ ಕೂತು ಪ್ರತಿ ತಿರುವಿಗೂ ಬಲಗಾಲಿನಿಂದ ನೆಲ ತುಳಿಯುತ್ತಿದ್ದ.

ಸಾಹುಕಾರರು ಕಲ್ಲನ್ನು ನೋಡಿದರು, ನನ್ನ ಡೈರಿ ನೋಡಿದರು. "ಇದು ಮ್ಯಾಲಿಂದ ಬಿದ್ದದ್ದು ಅಂತ ಯಾರು ಹೇಳಬೇಕು?" ಎಂದರು.

"ನಾ ಹೇಳ್ತೀನ್ರಿ. ಆ ಹೊಲದ ಕಲ್ಲು ಎಲ್ಲಾ ನನಗ ಗೊತ್ತು."

ಸಾಹುಕಾರರು ನಕ್ಕರು. "ಹೌದೇನು? ಮೂರು ವರ್ಷದ ಹಿಂದ ನೀ ನಮ್ಮ ಹಳ್ಳದ ಹೊಲಕ್ಕ ಬಂದಿದ್ದಿ. ಅಲ್ಲಿ ಬೇವಿನ ಗಿಡದ ಹಂತ್ಯಾಕ ಏನೈತಿ ಹೇಳು."

"ಎರಡು ಅದಾವ್ರಿ. ಒಂದು ಮ್ಯಾಲ ಕಾಣ್ತದ. ಇನ್ನೊಂದು ಅದರ ಮೂಡಲಕ್ಕ ಮೂರು ಹೆಜ್ಜಿಗೆ, ಒಂದು ಗೇಣು ಒಳಗ ಹೂತೈತಿ. ಇನ್ನೂ ತೆಗಸಿರಲಿಕ್ಕಿಲ್ಲ, ನಿಮ್ಮ ಕುಂಟಿ ಕುಡ ಮುರಿಯಾಕತ್ತಿರಬೇಕು."

ಸಾಹುಕಾರರ ನಗು ನಿಂತಿತು. ಆ ಹೊಲದಲ್ಲಿ ಎರಡು ವರ್ಷ ಕುಡ ಮುರಿದದ್ದು, ಎತ್ತು ಹೊಡೆಯುವವನನ್ನು ಅವರು ಬೈದದ್ದು, ಊರಿಗೇ ಗೊತ್ತಿತ್ತು. ಯಾಕೆ ಮುರಿಯುತ್ತದೆಂಬುದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಆಮೇಲೆ ಕಲ್ಲನ್ನು ಅಂಗೈಯಲ್ಲಿ ತೂಗಿ ನೋಡಿ, "ಖಾಜಾ, ಇಷ್ಟು ಸಣ್ಣ ಕಲ್ಲಿಗೆ ಅಷ್ಟು ದೊಡ್ಡ ಬ್ರೇಕು ಹಾಕಿದೇನೋ?" ಎಂದರು. ಬಸ್ಸಿನ ಕೀಲಿಯನ್ನು ಮೇಜಿನ ಮೇಲೆ ಅವನ ಕಡೆಗೆ ಸರಿಸಿದರು.

ಮರುದಿನ ಬೆಳಗಿನ ಬಸ್ಸು ಮಾಮನದು. ಕಲ್ಲನ್ನು ಕಾಲೇಜಿಗೆ ಒಪ್ಪಿಸಬೇಕೆಂದು ನಾನು, ತಮ್ಮ ಬಸ್ಸಿಗೇ ಬೇಕೆಂದು ಸಾಹುಕಾರರು. ಕೊನೆಗೆ ಎಂಟು ದಿನ ಅದು ಡ್ರೈವರನ ಮುಂದೆ, ದರ್ಗಾದ ಚಿತ್ರಕ್ಕೂ ಹುಲಿಗಿ ಅಮ್ಮನ ಚಿತ್ರಕ್ಕೂ ನಡುವೆ, ಚೆಂಡುಹೂವಿನ ಮಾಲೆ ಹಾಕಿಕೊಂಡು ಲಿಂಗಸುಗೂರಿಗೆ ಹೋಗಿಬಂದು ಮಾಡಿತು. ಆಮೇಲೆ ಮೇಷ್ಟ್ರ ಕೈ ಸೇರಿ ಎಲ್ಲೋ ದೂರದ ಪ್ರಯೋಗಶಾಲೆಗೆ ಹೋಯಿತು. ಮೂರು ತಿಂಗಳಿಗೆ ಒಂದು ಕಾರ್ಡು ಬಂತು: ನಿಮ್ಮ ಕಲ್ಲು ಉಲ್ಕೆಯೇ ಹೌದು, ಹೊಸದಾಗಿ ಬಿದ್ದದ್ದು. ಮಾಮ ಅದನ್ನು ಓದಿಸಿಕೊಂಡು, "ಹುಲಿಗೆಮ್ಮಗ ಗೊತ್ತಾಗಾಕ ಒಂದು ಗಳಿಗಿ ಸಾಕಾತು. ಇವರಿಗೆ ಮೂರು ತಿಂಗಳು" ಎಂದ.

ಇಷ್ಟು ಬರೆದು, ತಾರೀಖುಗಳು ಸರಿಯಿವೆಯೇ ನೋಡೋಣವೆಂದು ಎಂಟು ವರ್ಷದ ಹಿಂದಿನ ಡೈರಿ ತೆಗೆದೆ. ಮಾರ್ಚ್ 6ರ ಪುಟದಲ್ಲಿ ಎಲ್ಲ ಇದೆ. ಸಾಲು, ಹೆಜ್ಜೆ, ಆಳ, ಸಮಯ, "ಹೆಣ್ಣಾಳು 14". ಕಲ್ಲನ್ನು ಆರಿಸಿದವಳ ಹೆಸರಿಲ್ಲ. ಅವಳ ಬಲಗೈ ಹೆಬ್ಬೆರಳಿಗೆ ಹಳದಿ ಬಟ್ಟೆ ಸುತ್ತಿತ್ತೆಂದು ಬರೆದಿದ್ದೇನೆ. ಅದೂ ಗಾಯಗಳನ್ನು ಎಣಿಸುತ್ತಿದ್ದುದರಿಂದ.

ಡೈರಿ ಹಿಡಿದು ಪಕ್ಕದ ಮನೆಗೆ ಹೋದೆ. ಭಾನುವಾರ ಮಾಮನಿಗೆ ರಜೆ, ಅಂಗಳದಲ್ಲಿ ಚಹಾ ಕುಡಿಯುತ್ತಿದ್ದ. ಕೇಳಿದೆ.

"ಹುಲಿಗೆಮ್ಮಗ ಅವತ್ತ ಕೇಳೀನಿ" ಎಂದ ಮಾಮ. "ಕಲ್ಲು ಆರಿಸಿದಾಕಿ ಹುಲಿಗೆಮ್ಮನ ತಂಡದಾಕಿ ಅಲ್ಲ. ಮುದಗಲ್ ಕಡಿಯಾಕಿ, ಯಾರೋ ಜಡ್ಡಿಗೆ ಬಿದ್ದಿದ್ರಂತ ಬದಲಿಗೆ ಎರಡು ದಿನ ಬಂದಿದ್ಲು. ಮುಖ ನನಗ ನೆನಪೈತಿ. ಆ ಕಡಿ ಹೆಣ್ಣುಮಕ್ಕಳು ಬಸ್ ಹತ್ತಿದ್ರ ಕನ್ನಡ್ಯಾಗ ನೋಡ್ತಿರ್ತೀನಿ. ಒಮ್ಮೆ ಕಂಡ್ರ ಮುಂದಿನ ಸೀಟಿನಾಗ ಕೂಡಿಸಿ ಲಿಂಗಸುಗೂರ ತನಕ ಒಂದು ಕುಲುಕೂ ಇಲ್ಲದಂಗ ಕರಕೊಂಡು ಹೋಗಬೇಕು."

"ಹೆಸರು?"

ಮಾಮ ಬಟ್ಟಲು ಕೆಳಗಿಟ್ಟ. "ಹೆಸರು ನೀ ಬರಕೊಂಡಿರ್ತಿ ಅಂತ ನಾ ಸುಮ್ಮನಿದ್ದೆ, ಬೇಟಾ."

ಆ ಹೆಸರು ಈಗ ಹುಲಿಗೆಮ್ಮನಿಗೂ ನೆನಪಿಲ್ಲ. ಅದಕ್ಕೇ ಈ ಬರಹದ ಕೊನೆಗೊಂದು ಬಿನ್ನಹ. 1988ರ ಸುಗ್ಗಿಯಲ್ಲಿ ಮಸ್ಕಿಯ ಗುಡ್ಡದ ಬುಡಕ್ಕೆ ಬಿಳಿಜೋಳ ಕೀಳಲು ಎರಡು ದಿನ ಬಂದುಹೋದ, ಬಲಗೈ ಹೆಬ್ಬೆರಳಿಗೆ ಗಾಯವಾಗಿದ್ದ, ಏಳನೇ ಸಾಲು ಹಿಡಿದಿದ್ದ ಹೆಣ್ಣುಮಗಳು ಯಾರೆಂದು ಮುದಗಲ್ ಕಡೆಯ ಓದುಗರಲ್ಲಿ ಯಾರಿಗಾದರೂ ಗೊತ್ತಿದ್ದರೆ, ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ಅವಳಿಗೆ ಓದು ಬರುತ್ತದೋ ಇಲ್ಲವೋ ಗೊತ್ತಿಲ್ಲ, ಬರದಿದ್ದರೆ ಇದನ್ನು ಓದಿ ಹೇಳಿರಿ. ಊರು, ಓಣಿ ಬೇಡ. ಹೆಸರೊಂದೇ ಸಾಕು, ಉಳಿದದ್ದೆಲ್ಲ ನನ್ನ ಹತ್ತಿರ ಇದೆ.